ಮೇರಿ ಯಾವಾಗ ಬಿಡಬೇಕಿತ್ತು?

2024ರ ಜನವರಿ ಕೊನೆಯ ವಾರ. ಆರು ಸಲ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್ ಬಾಕ್ಸಿಂಗ್ ಬಿಟ್ಟಳು ಅಂತ ಸುದ್ದಿ ಬಂತು. ಒಂದು ದಿನ ಕಳೆಯುವುದರೊಳಗೆ ಆಕೆಯೇ ನಾನು ಹಾಗೆ ಹೇಳೇ ಇಲ್ಲ ಅಂದಳು. ದಿಬ್ರೂಗಢದ ಒಂದು ಶಾಲೆಯಲ್ಲಿ ಮಕ್ಕಳ ಮುಂದೆ ಮಾತಾಡಿದ್ದಳು. ಆಡುವ ಹಸಿವು ಇನ್ನೂ ಇದೆ, ವಯಸ್ಸಿನ ನಿಯಮ ಬಿಡುತ್ತಿಲ್ಲ ಅನ್ನೋದು ಆಕೆಯ ಮಾತು. ಒಲಿಂಪಿಕ್ಸ್‌ನಂಥ ಕೂಟಗಳಲ್ಲಿ 40 ದಾಟಿದ ಬಾಕ್ಸರಿಗೆ ರಿಂಗ್ ಇಲ್ಲ. ಆಕೆಗೆ ಆಗ 41.

ಆ ಭಾನುವಾರ ನಮ್ಮ ಮನೆಯಲ್ಲಿ ಶುರುವಾದ ವಾದ ವರ್ಷ ಕಳೆದರೂ ಮುಗಿಯಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬಳ್ಳಾರಿ, ಕೌಲ್ ಬಜಾರ್ ಕಡೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಷಿನ್ ಇವೆ. ಜೀನ್ಸ್ ಪ್ಯಾಂಟಿನ ಜಾಬ್ ವರ್ಕ್ ಮಾಡುತ್ತೇನೆ. ಕಟಿಂಗ್ ಆದ ಬಟ್ಟೆ ಗಂಟು ಕಟ್ಟಿಕೊಂಡು ಬರುತ್ತದೆ, ಹೊಲಿದು ಬಟನ್ ಹಾಕಿ ಕಳಿಸುತ್ತೇನೆ. ಪೀಸ್ ಲೆಕ್ಕದಲ್ಲಿ ದುಡ್ಡು. ಆವತ್ತು ಕರೆಂಟ್ ಹೋಗಿತ್ತು. ಮಷಿನ್ ನಿಂತಿದ್ದವು. ತಮ್ಮ ತೋರಣಗಲ್ಲಿನಿಂದ ಬಂದಿದ್ದ, ಬರುವಾಗ ಮಿರ್ಚಿ, ಒಗ್ಗರಣೆ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ. ನಮ್ಮ ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ಮಾವ ಗರಡಿ ಮನೆಯಲ್ಲಿ ಬೆಳೆದವರು. ಹರೆಯದಲ್ಲಿ ಸುತ್ತಲಿನ ಜಾತ್ರೆಗಳಲ್ಲಿ ಕುಸ್ತಿ ಹಿಡಿದಿದ್ದಾರೆ. ಈಗಲೂ ಓಣಿಯಲ್ಲಿ ಪೈಲ್ವಾನ್ರು ಅಂತಲೇ ಕರೆಯುತ್ತಾರೆ. ತಮ್ಮ ಸ್ಟೀಲ್ ಪ್ಲಾಂಟಿನಲ್ಲಿ ಗುತ್ತಿಗೆ ಕೆಲಸ ಮಾಡುತ್ತಾನೆ. ಅಲ್ಲೇ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆಯಲ್ವಾ, 2021ರ ಸೆಪ್ಟೆಂಬರ್‌ನಲ್ಲಿ ಗಂಡಸರ ರಾಷ್ಟ್ರೀಯ ಬಾಕ್ಸಿಂಗ್ ನಡೆದದ್ದು ಅಲ್ಲೇ. ಬಾಕ್ಸರ್ ನಿಶಾಂತ್ ದೇವ್ ತಯಾರಾದದ್ದೂ ಅಲ್ಲೇ. ಬಾಕ್ಸಿಂಗ್ ಎಲ್ಲೋ ದೂರದ ಆಟ ಅಂತ ನನ್ನ ತಮ್ಮನಿಗೆ ಅನಿಸುವುದಿಲ್ಲ. ಬಸ್ಸಿನ ದಾರಿಯಲ್ಲೇ ಇದೆ.

ಮಾವನ ಮಾತು ಒಂದೇ. "2018ರಾಗೇ ಬಿಡಬೇಕಿತ್ತಮ್ಮ ಆಕಿ. ದೆಹಲಿಯೊಳಗ, ನಮ್ಮ ಜನದ ಮುಂದ ಆರನೇ ಬಂಗಾರ ಗೆದ್ದಳು. ಅಲ್ಲೇ ಗ್ಲೌಸ್ ಬಿಚ್ಚಿ ಇಡಬೇಕಿತ್ತು. ಕುಸ್ತಿಯೊಳಗ ಜನ ಕೊನೇ ಪಟ್ಟು ನೆನಪಿಡ್ತಾರ."

ತಮ್ಮನಿಗೆ ಬೇರೆ ಸಿಟ್ಟು. ಅವನು ಇನ್ನೊಬ್ಬ ಬಾಕ್ಸರ್ ನಿಖತ್ ಜರೀನ್ ಕಡೆಯವನು. ನಿಜಾಮಾಬಾದ್ ಹುಡುಗಿ, ನಮ್ಮ ಪಕ್ಕದ ಸೀಮೆಯವಳು ಅನ್ನೋ ಅಭಿಮಾನ. 2019ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ ಟ್ರಯಲ್ಸ್, ಅಂದರೆ ಆಯ್ಕೆ ಪಂದ್ಯ, ಇಲ್ಲದೆ ಮೇರಿಯನ್ನೇ ಕಳಿಸುವ ಮಾತು ಬಂದಾಗ, ನಿಖತ್ ಕ್ರೀಡಾ ಸಚಿವರಿಗೇ ಪತ್ರ ಬರೆದು ಟ್ರಯಲ್ಸ್ ಕೇಳಿದಳು. ಡಿಸೆಂಬರ್ 27ಕ್ಕೆ ನಡೆಯಿತು. ಮೇರಿ 9-1ರಲ್ಲಿ ಗೆದ್ದಳು. ಗೆದ್ದ ಮೇಲೆ ಆ ಹುಡುಗಿಗೆ ಕೈ ಕೊಡಲಿಲ್ಲ.

"ಚಾಂಪಿಯನ್ ಅಂದ್ರ ಕೈ ಕೊಡಬೇಕಕ್ಕಾ," ಅಂದ ತಮ್ಮ. "ಎಷ್ಟು ಬಂಗಾರ ಇದ್ದರೇನು?"

ಇದರಲ್ಲಿ ನಾನು ತಮ್ಮನ ಕಡೆ. ಮೇರಿ ಅಂದರೆ ನನಗೆ ಪ್ರಾಣ, ಆದರೂ ಆವತ್ತು ಆಕೆ ಮಾಡಿದ್ದು ತಪ್ಪು. ಟ್ರಯಲ್ಸ್ ಕೇಳಿದ್ದು ನಿಖತ್‌ಳ ಹಕ್ಕು. ಆಕೆಯ ಬಗ್ಗೆ ಬರೆಯುವವರು ಆರು ಬಂಗಾರದ ಜೊತೆ ಇದನ್ನೂ ಬರೆಯಲಿ. ನಾನು ಬೇಡ ಅನ್ನುವುದಿಲ್ಲ.

ಆದರೆ 'ಆವಾಗಲೇ ಬಿಡಬೇಕಿತ್ತು' ಅನ್ನೋ ಮಾತು ಬಂತಲ್ಲ, ಅದನ್ನು ನಾನು ಸುಮ್ನೆ ಕೇಳಿಕೊಂಡು ಕೂರಲಾರೆ.

ಲೆಕ್ಕ ನೋಡಿ. 2006ರ ಹೊತ್ತಿಗೆ ಮೇರಿ ಮೂರು ಸಲ ವಿಶ್ವ ಚಾಂಪಿಯನ್. 2002, 2005, 2006. 2007ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಮೂರು ಬಂಗಾರ, ಕೈಯಲ್ಲಿ ಎರಡು ಕೂಸು. ಮಾವ ಹೇಳುವ ಲೆಕ್ಕದಲ್ಲೇ ಹೋದರೆ ಬಿಡಲು ಅದಕ್ಕಿಂತ ಒಳ್ಳೆ ಹೊತ್ತು ಯಾವುದಿತ್ತು? ಆಕೆ ಬಿಡಲಿಲ್ಲ. 2008ರಲ್ಲಿ ಚೀನಾದ ನಿಂಗ್ಬೋದಲ್ಲಿ ನಾಲ್ಕನೇ ಬಂಗಾರ, 2010ರಲ್ಲಿ ಐದನೇದು. 2013ರಲ್ಲಿ ಮೂರನೇ ಮಗ. ಮರುವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಬಂಗಾರ. 2018ರಲ್ಲಿ ಆರನೇ ವಿಶ್ವ ಪಟ್ಟ. ಆರರಲ್ಲಿ ಮೂರು ತಾಯಿಯಾದ ಮೇಲೆ ಬಂದದ್ದು. ಲಂಡನ್ ಕಂಚೂ ಆಮೇಲಿನದೇ.

ಇದು ನನಗೆ ಯಾಕೆ ಇಷ್ಟು ತಟ್ಟುತ್ತದೆ ಅಂತ ಹೇಳಬೇಕು. 2009ರಲ್ಲಿ ನನಗೆ ಮಗಳು ಹುಟ್ಟಿದಳು. ಸಿಸೇರಿಯನ್. ಆರು ತಿಂಗಳ ಮೇಲೆ ಹಳೇ ಯೂನಿಟ್‌ಗೆ ಕೆಲಸಕ್ಕೆ ಹೋದೆ. ಹೆರಿಗೆಗೆ ಹೋಗುವ ಮುಂಚೆ ನಾನು ಜೀನ್ಸಿನ ಬೆಲ್ಟ್ ಪಟ್ಟಿ ಹೊಲಿಯುತ್ತಿದ್ದವಳು. ಅದು ಕೈ ಪಳಗಿದವರ ಕೆಲಸ, ಕೂಲಿಯೂ ಜಾಸ್ತಿ. ಮಗು ಇರೋರಿಗೆ ಮಷಿನ್ ಕೊಡಲ್ಲ ಅಂತ ಮೇಸ್ತ್ರಿ ಕೈಗೆ ಸಣ್ಣ ಕತ್ತರಿ ಕೊಟ್ಟ. ದಾರ ಕತ್ತರಿಸುವ ಕೆಲಸ. ನೆಲದ ಮೇಲೆ ಕೂತು, ಬೇರೆಯವರು ಹೊಲಿದ ಪ್ಯಾಂಟಿನ ದಾರದ ತುದಿ ಕತ್ತರಿಸುವುದು. ಹೊಲಿಗೆ ನೋಡಿದರೆ ನನಗೆ ಗೊತ್ತಾಗುತ್ತಿತ್ತು, ನಾನಿದ್ದರೆ ಇದಕ್ಕಿಂತ ನೇರ ಹೊಲಿಯುತ್ತಿದ್ದೆ ಅಂತ. ಎರಡು ವರ್ಷ ಅದನ್ನೇ ಮಾಡಿದೆ. ಆಮೇಲೆ ಸಂಘದಲ್ಲಿ ಸಾಲ ತೆಗೆದು ಸೆಕೆಂಡ್ ಹ್ಯಾಂಡ್ ಮಷಿನ್ ತಂದೆ.

ಆ ಮಷಿನ್ ಬಂದ ವರ್ಷವೇ ಲಂಡನ್ ಒಲಿಂಪಿಕ್ಸ್. ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ ಆಗ. ತೂಕದ ವಿಭಾಗ ಬರೀ ಮೂರು, ಎಲ್ಲಕ್ಕಿಂತ ಕಡಿಮೆ ಅಂದರೆ 51 ಕೆಜಿ. ಮೇರಿ 46, 48 ಕೆಜಿಯಲ್ಲಿ ಆಡಿದವಳು. ತನಗಿಂತ ದಪ್ಪ, ಎತ್ತರ ಇದ್ದವರ ಜೊತೆ ಆಡಲು ಮೈ ತೂಕ ಏರಿಸಿಕೊಂಡು ಹೋದಳು. ಆಗಸ್ಟ್ 5ಕ್ಕೆ ಮೊದಲ ಪಂದ್ಯ ಗೆದ್ದಳು. ಆವತ್ತು ಊರಲ್ಲಿದ್ದ ಅವಳಿ ಮಕ್ಕಳಿಗೆ ಐದು ತುಂಬಿದ ದಿನ. ಪಕ್ಕದ ಮನೆಯ ಟಿವಿ ಮುಂದೆ ಮೂರು ವರ್ಷದ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ನೋಡುತ್ತಿದ್ದೆ. ನನಗೆ ಅಳು ತಡೆಯಲಾಗಲಿಲ್ಲ. ಮೂರು ದಿನದ ಮೇಲೆ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ನಿಕೋಲಾ ಆಡಮ್ಸ್ 11-6ರಲ್ಲಿ ಸೋಲಿಸಿದಳು. ಮೇರಿಗೆ ಕಂಚು ಸಿಕ್ಕಿತು. ಮನೆಗೆ ಬಂದು ರಾತ್ರಿ ಹನ್ನೆರಡರ ತನಕ ಹೊಲಿದೆ.

ಇಷ್ಟನ್ನೂ ಆ ಭಾನುವಾರ ಹೇಳಲಿಲ್ಲ. ಮಾವನಿಗೆ ಗೊತ್ತಿರುವುದೇ. ಅವರು ಸ್ವಲ್ಪ ಹೊತ್ತು ಮಂಡಕ್ಕಿ ತಿನ್ನುತ್ತಾ ಸುಮ್ಮನಿದ್ದರು.

ತಮ್ಮ ಮೊಬೈಲ್ ತೆಗೆದು ರಾಕಿ ಮಾರ್ಸಿಯಾನೋ ಕಥೆ ಹೇಳಿದ. ಹೆವಿವೇಟ್ ಚಾಂಪಿಯನ್, 49 ಪಂದ್ಯ, 49 ಗೆಲುವು. 1956ರಲ್ಲಿ ಬಿಟ್ಟವನು ತಿರುಗಿ ರಿಂಗ್ ಹತ್ತಲಿಲ್ಲ. "ಬಿಡೋದು ಅಂದ್ರ ಅದಪ್ಪಾ!" ಅಂದರು ಮಾವ. ನಾನು ಕೇಳಿದೆ, "ಮಾವ, ಈ ಹೆಸರು ಮೊದಲು ಕೇಳಿದ್ರಾ?" ಇಲ್ಲ ಅಂದರು. "ಮಹಮ್ಮದ್ ಅಲಿ?" "ಅಲಿ ಯಾರಿಗೆ ಗೊತ್ತಿಲ್ಲಮ್ಮ."

ಆ ಅಲಿಯ ಕೊನೆಯ ಪಂದ್ಯಗಳು ಹೇಗಿದ್ದವು ಅಂತ ತಮ್ಮನೇ ತೋರಿಸಿದ. 1980ರ ಅಕ್ಟೋಬರ್, ಲಾಸ್ ವೇಗಸ್. ಅಲಿಗೆ 38. ಎದುರಿಗೆ ಲ್ಯಾರಿ ಹೋಮ್ಸ್, ಒಂದು ಕಾಲಕ್ಕೆ ಅಲಿಗೇ ಅಭ್ಯಾಸಕ್ಕೆ ಜೊತೆಯಾಗಿದ್ದವನು. ಕೈ ಏಳುತ್ತಿಲ್ಲ, ಏಟು ಬೀಳುತ್ತಲೇ ಇದೆ. ಹತ್ತನೇ ರೌಂಡ್ ಮುಗಿದಾಗ ಕೋಚ್ ಏಂಜೆಲೊ ಡಂಡಿ ಸಾಕು ಅಂತ ನಿಲ್ಲಿಸಿದ. ಅಷ್ಟಾದರೂ ಮರುವರ್ಷ ಡಿಸೆಂಬರ್‌ನಲ್ಲಿ ಬಹಾಮಾಸ್‌ಗೆ ಹೋಗಿ ಟ್ರೆವರ್ ಬರ್ಬಿಕ್ ಕೈಯಲ್ಲಿ ಮತ್ತೆ ಸೋತ. ಆ ಹೋಮ್ಸ್ ಪಂದ್ಯ ನನಗೆ ಪೂರ್ತಿ ನೋಡಲು ಆಗಲಿಲ್ಲ. ಮಾವ ಕಣ್ಣು ತೆಗೆಯದೆ ನೋಡಿದರು. "ಇದಕ್ಕೇ ಹೇಳೋದಮ್ಮ ಬಿಡಬೇಕು ಅಂತ. ಹೆಸರಿಗಲ್ಲ, ಮೈಗೆ," ಅಂದರು.

ಇದನ್ನು ನಾನು ಒಪ್ಪುತ್ತೇನೆ. ಮೈ ಹಾಳಾಗುವಾಗ ಯಾರಾದರೂ ನಿಲ್ಲಿಸಲೇಬೇಕು. ಆದರೆ ಮೇರಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹಾಗೆ ಸೋತಳಾ? ಇಲ್ಲ. ಅದನ್ನು ಮಾವನಿಗೆ ತೋರಿಸಬೇಕು ಅನಿಸಿತು. ಬಟನ್ ಡಬ್ಬಿ ತಂದು ಮೇಜಿನ ಮೇಲೆ ಸುರಿದೆ.

2021ರ ಜುಲೈ 29. ಎದುರಿಗೆ ಕೊಲಂಬಿಯಾದ ಇಂಗ್ರಿಟ್ ವಲೆನ್ಸಿಯಾ, ರಿಯೋದಲ್ಲಿ ಕಂಚು ಗೆದ್ದವಳು. ಮೂರು ರೌಂಡ್, ಐದು ಜನ ಜಡ್ಜ್. ಒಬ್ಬೊಬ್ಬ ಜಡ್ಜಿಗೆ ಒಂದು ಸಾಲು ಅಂತ ಐದು ಸಾಲು ಮಾಡಿದೆ. ರೌಂಡ್ ಗೆದ್ದವಳಿಗೆ 10, ಸೋತವಳಿಗೆ 9. ಮೇರಿ ಗೆದ್ದರೆ ಹಿತ್ತಾಳೆ ಬಟನ್, ವಲೆನ್ಸಿಯಾ ಗೆದ್ದರೆ ಕರಿ ಬಟನ್. ಮೊದಲ ರೌಂಡು ನಾಲ್ಕು ಜಡ್ಜ್ ವಲೆನ್ಸಿಯಾಗೆ ಕೊಟ್ಟರು, ನಾಲ್ಕು ಕರಿ, ಒಂದು ಹಿತ್ತಾಳೆ. ಎರಡನೇದರಲ್ಲಿ ಮೂರು ಹಿತ್ತಾಳೆ, ಎರಡು ಕರಿ. ಮೂರನೇದರಲ್ಲೂ ಮೂರು ಹಿತ್ತಾಳೆ, ಎರಡು ಕರಿ.

"ಎರಡು ರೌಂಡ್ ಈಕಿನೇ ಗೆದ್ದಾಳಲ್ಲ!" ಅಂದರು ಮಾವ. ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಹೌದು ಮಾವ. ಈಗ ಸಾಲು ಸಾಲಾಗಿ ಎಣಿಸಿ. ಒಬ್ಬೊಬ್ಬ ಜಡ್ಜ್ ತನ್ನ ಮೂರು ರೌಂಡ್ ಕೂಡಿಸಿ ಯಾರು ಗೆದ್ದರು ಅಂತ ಹೇಳ್ತಾನೆ."

ದಪ್ಪ ಬೆರಳಲ್ಲಿ ಒಂದೊಂದು ಸಾಲು ಮುಟ್ಟಿ ಎಣಿಸಿದರು. ನಾನು ಜೋಡಿಸಿದ್ದರಲ್ಲಿ ಎರಡು ಸಾಲಲ್ಲಿ ಹಿತ್ತಾಳೆ ಹೆಚ್ಚು, ಮೂರು ಸಾಲಲ್ಲಿ ಕರಿ ಹೆಚ್ಚು. ಯಾವ ಜಡ್ಜ್ ಯಾವಾಗ ಯಾರಿಗೆ ಕೊಟ್ಟ ಅನ್ನೋದು ನಾನು ಜೋಡಿಸಿದ್ದು, ಆದರೆ ಮೊತ್ತ ಅಷ್ಟೇ. ಮೊದಲ ರೌಂಡ್ ವಲೆನ್ಸಿಯಾಗೆ ಕೊಟ್ಟ ಜಡ್ಜ್ ಕಡೆಯಿಂದ ಗೆಲ್ಲಬೇಕಾದರೆ ಮೇರಿ ಮುಂದಿನ ಎರಡನ್ನೂ ಅವನ ಹತ್ತಿರವೇ ಗೆಲ್ಲಬೇಕಿತ್ತು. ಹಾಗಾಗಲಿಲ್ಲ. 3-2ರಲ್ಲಿ ಸೋಲು. ಒಟ್ಟು ಹದಿನೈದು ಬಟನ್. ಕರಿ ಎಂಟು, ಹಿತ್ತಾಳೆ ಏಳು.

"ಒಂದೇ ಬಟನ್," ಅಂದರು ಮಾವ. ಒಂದು ಕರಿ ಬಟನ್ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. 38 ವಯಸ್ಸು, ಮೂರು ಮಕ್ಕಳ ತಾಯಿ, ಒಂದು ಬಟನ್‌ನಲ್ಲಿ ಸೋತಳು. ಸೋತದ್ದು ರಿಂಗ್‌ನಲ್ಲಿ ನನಗೆ ಗೊತ್ತೇ ಆಗಲಿಲ್ಲ, ಗೆದ್ದೆ ಅಂತಲೇ ಅಂದುಕೊಂಡಿದ್ದೆ ಅಂತ ಆಮೇಲೆ ಮೇರಿ ಹೇಳಿದಳು. ಆವತ್ತು ವಲೆನ್ಸಿಯಾಳನ್ನು ಮನಸಾರೆ ತಬ್ಬಿಕೊಂಡಳು. ಅದನ್ನು ನೆನಪಿಸಿದೆ ತಮ್ಮನಿಗೆ. ಅವನು ಏನೂ ಹೇಳಲಿಲ್ಲ.

ಕೊನೆಯ ಪಂದ್ಯ ಅದೂ ಅಲ್ಲ. 2022ರ ಜೂನ್‌ನಲ್ಲಿ ಕಾಮನ್‌ವೆಲ್ತ್ ಟ್ರಯಲ್ಸ್, ದೆಹಲಿ. ಹರಿಯಾಣದ ನೀತು ಎದುರು ಮೊದಲ ರೌಂಡಿನಲ್ಲೇ ಮಂಡಿ ತಿರುಚಿ ಬಿದ್ದಳು. ಎದ್ದಳು, ಆಡಲು ನೋಡಿದಳು, ಕಾಲು ನಿಲ್ಲಲಿಲ್ಲ. ಪಂದ್ಯ ನಿಂತಿತು. ಅದೇ ನೀತು ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಬಂಗಾರ ತಂದಳು. ಮಾವ ಹೇಳುವ ಕೊನೇ ಪಟ್ಟು ಇದೇ ಆದರೆ, ನನಗೆ ನೆನಪಿರುವುದು ಬಿದ್ದದ್ದಲ್ಲ. ಎದ್ದು ಮತ್ತೆ ಗ್ಲೌಸ್ ಎತ್ತಿದ್ದು.

ಕರೆಂಟ್ ಬಂತು, ಮಷಿನ್ ಮೇಲೆ ಕೂತೆ. ಮಾವ ಬಟನ್‌ಗಳನ್ನು ಹಿತ್ತಾಳೆ ಬೇರೆ, ಕರಿ ಬೇರೆ ಮಾಡಿ ಡಬ್ಬಿಗೆ ತುಂಬಿದರು. "ಆದರೂ 2018ರಾಗೇ ಬಿಡಬೇಕಿತ್ತು," ಅಂದರು. ಇವತ್ತಿಗೂ ಅದನ್ನೇ ಹೇಳುತ್ತಾರೆ.

ತಮ್ಮ ಮಾತ್ರ ಬದಲಾದ. ಆ 2024ರ ಆಗಸ್ಟ್ 1ಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಿಖತ್ ಆಡಿದಳು. 2022ರಲ್ಲಿ, 2023ರಲ್ಲಿ ವಿಶ್ವ ಚಾಂಪಿಯನ್ ಆದವಳು, ಪದಕ ಖಂಡಿತ ಅಂತ ಎಲ್ಲರೂ ಅಂದುಕೊಂಡಿದ್ದರು. ಎರಡನೇ ಪಂದ್ಯದಲ್ಲೇ ಚೀನಾದ ವೂ ಯೂ ಎದುರು 5-0ರಲ್ಲಿ ಸೋತಳು. ಅಳುತ್ತಾ ಹೊರಗೆ ಬಂದಳು. ರಾತ್ರಿ ತಮ್ಮನ ಫೋನ್ ಬಂತು. ಪ್ಲಾಂಟಿನ ಸದ್ದು ಹಿಂದೆ ಕೇಳಿಸುತ್ತಿತ್ತು.

"ಅಕ್ಕಾ, ನಮ್ಮ ರೂಮಿನ ಹುಡುಗರು ಆಗಲೇ ಶುರು ಮಾಡ್ಯಾರ. ನಿಖತ್ ಕಥಿ ಮುಗೀತು, ಇನ್ನ ಬಿಡಬೇಕು ಅಂತಾರ. ಆಕಿಗಿನ್ನ 28. ಬಿಡಬೇಕಾ?"

"ಮೇರಿ ಆರನೇದು ಗೆದ್ದಾಗ ಎಷ್ಟು ವಯಸ್ಸು ಅಂತ ಅವರನ್ನ ಕೇಳು," ಅಂದೆ.

ಆ ಕಡೆ ಸ್ವಲ್ಪ ಹೊತ್ತು ಬರೀ ಪ್ಲಾಂಟಿನ ಸದ್ದು. ಆಮೇಲೆ, "ಮಾವ ಮಲಗ್ಯಾರೇನು?" ಅಂತ ಕೇಳಿದ.

ಮಲಗಿರಲಿಲ್ಲ. ಫೋನ್ ಅವರ ಕೈಗೆ ಕೊಟ್ಟೆ.