ನೈಟ್ ಸ್ಪ್ಲಿಂಟ್ ಕೊಡುವ ಮೊದಲು ನಿದ್ದೆ ಹೇಗೆ ಎಂದು ಕೇಳಿ

ಹಿಮ್ಮಡಿ ನೋವು ಎಂದು ನಮ್ಮ ಫಿಸಿಯೋಥೆರಪಿ ಸೆಂಟರಿಗೆ ಬರುವವರಲ್ಲಿ ಹೆಚ್ಚಿನವರದ್ದು ಒಂದೇ ಮಾತು. "ಬೆಳಿಗ್ಗೆ ಎದ್ದು ಕಾಲು ಊರಲಿಕ್ಕೇ ಆಗುವುದಿಲ್ಲ. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಸಡಿಲ ಆಗ್ತದೆ. ಕೂತು ಎದ್ದರೆ ಪುನಃ ಅದೇ ಕತೆ." ನಾನು ಕೆಲಸ ಮಾಡುವುದು ಕಾಸರಗೋಡಿನಲ್ಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರು, ಇಡೀ ದಿನ ನಿಂತು ಪಾಠ ಮಾಡುವ ಟೀಚರುಗಳು, ಹೋಟೆಲ್ ಅಡುಗೆಯವರು, ಬಸ್ಸಿನ ಕಂಡಕ್ಟರುಗಳು, ಯಕ್ಷಗಾನದ ವೇಷಧಾರಿಗಳು ಎಲ್ಲರೂ ಬರುತ್ತಾರೆ. ಕೆಲಸ ಬೇರೆ ಬೇರೆ, ನೋವಿನ ಜಾಗ ಮಾತ್ರ ಒಂದೇ. ಹಿಮ್ಮಡಿಯ ಅಡಿಯಲ್ಲಿ, ಸ್ವಲ್ಪ ಒಳಬದಿಗೆ. ಕೆಲವರಿಗೆ ಅಲ್ಲಿಂದ ಅಂಗಾಲಿನ ಕಮಾನಿನ ತನಕ ಎಳೆಯುತ್ತದೆ.

ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ. ಅದರ ಹೆಸರು ಪ್ಲಾಂಟರ್ ಫೇಶಿಯಾ. ಕಾಲಿನ ಕಮಾನು ಕುಸಿಯದಂತೆ ಹಿಡಿದಿಡುವ ಕೆಲಸ ಅದರದ್ದು. ರೋಗಿಗೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಅವರ ಕೈಯಿಂದಲೇ ಮುಟ್ಟಿಸುವುದು ನನಗೆ ಇಷ್ಟ. ಒಂದು ಕೈಯಲ್ಲಿ ಹೆಬ್ಬೆರಳನ್ನು ಮೇಲಕ್ಕೆ ಬಗ್ಗಿಸಿ, ಇನ್ನೊಂದು ಕೈಯಲ್ಲಿ ಅಂಗಾಲು ಒತ್ತಿ ನೋಡಲಿಕ್ಕೆ ಹೇಳುತ್ತೇನೆ. ಚರ್ಮದ ಅಡಿಯಲ್ಲಿ ಹಗ್ಗದ ಹಾಗೆ ಒಂದು ಗೆರೆ ಬಿಗಿಯಾಗುತ್ತದೆ, ಕಮಾನು ಮೇಲೇಳುತ್ತದೆ. ಈ ಎಳೆತವನ್ನು 1954ರಲ್ಲಿ ಹಿಕ್ಸ್ ಎಂಬವರು ವಿವರಿಸಿದ್ದರು, ಇವತ್ತಿಗೂ ನಾವು ಕಾಲೇಜಿನಲ್ಲಿ ಅದನ್ನೇ ಕಲಿಯುವುದು.

ಮಲಗಿದಾಗ ಪಾದ ತನ್ನಷ್ಟಕ್ಕೆ ಕೆಳಗೆ ಬಾಗುತ್ತದೆ. ಹೊದಿಕೆಯ ಭಾರ ಬಿದ್ದರೆ ಇನ್ನೂ ಜಾಸ್ತಿ. ಮೀನಖಂಡವೂ ಅಂಗಾಲಿನ ಪಟ್ಟಿಯೂ ಆರೇಳು ಗಂಟೆ ಮುದುಡಿಕೊಂಡೇ ಇರುತ್ತವೆ. ಬೆಳಿಗ್ಗೆ ಎದ್ದ ಕೂಡಲೇ ಇಡೀ ಮೈಭಾರ ಅದರ ಮೇಲೆ ಬೀಳುತ್ತದೆ. ಮೊದಲೇ ಪೆಟ್ಟಾಗಿರುವ ಜಾಗ, ಒಮ್ಮೆಲೇ ಎಳೆದರೆ ನೋಯದೆ ಇರುತ್ತದಾ? ನೈಟ್ ಸ್ಪ್ಲಿಂಟ್ ಅಂದರೆ ಮಲಗುವಾಗ ಪಾದಕ್ಕೂ ಕಾಲಿಗೂ ಕಟ್ಟಿಕೊಳ್ಳುವ ಆಧಾರ. ಅದು ಮಾಡುವುದು ಇಷ್ಟೇ. ಪಾದ ಕೆಳಗೆ ಬಾಗಲು ಬಿಡದೆ ಕಾಲಿಗೆ ನೇರ ಕೋನದಲ್ಲಿ, ಅಂದರೆ 90 ಡಿಗ್ರಿಯಲ್ಲಿ, ಅಥವಾ ಅದಕ್ಕಿಂತ ತುಸು ಮೇಲಕ್ಕೆ ಹಿಡಿದಿಡುತ್ತದೆ.

ಕೇಳಲಿಕ್ಕೆ ಬಹಳ ಸುಲಭ. ಆದರೆ ಕೊಂಡುಹೋದವರಲ್ಲಿ ಎಷ್ಟೋ ಜನ ಅದನ್ನು ಕಟ್ಟಿಕೊಂಡು ಮಲಗುವುದೇ ಇಲ್ಲ. ಕೋನ ಸರಿ ಇರುತ್ತದೆ, ಸೈಜ್ ಸರಿ ಇರುತ್ತದೆ, ಸ್ಪ್ಲಿಂಟ್ ಮಾತ್ರ ಮಂಚದ ಅಡಿಯಲ್ಲಿ ಇರುತ್ತದೆ. ಇದಕ್ಕೆ ರೋಗಿಯ ಸೋಮಾರಿತನ ಕಾರಣ ಎಂದು ನಾನು ಒಪ್ಪುವುದಿಲ್ಲ. ಇಡೀ ದಿನ ದುಡಿದು ಬಂದವರಿಗೆ ನಿದ್ದೆಗಿಂತ ದೊಡ್ಡದು ಯಾವುದೂ ಇಲ್ಲ. ನಿದ್ದೆ ಕೆಡಿಸುವ ಚಿಕಿತ್ಸೆಯನ್ನು ಯಾರೂ ತಿಂಗಳುಗಟ್ಟಲೆ ಮಾಡುವುದಿಲ್ಲ. ಅದಕ್ಕೇ ನಾನೀಗ ಕಾಲು ನೋಡಿ ಮುಗಿದ ಮೇಲೆ ರಾತ್ರಿಯ ಬಗ್ಗೆ ಕೇಳುತ್ತೇನೆ. ಮಂಚದಲ್ಲಿ ಮಲಗುವುದಾ, ಚಾಪೆಯಲ್ಲಾ? ಕವುಚಿ ಮಲಗುವ ಅಭ್ಯಾಸ ಉಂಟಾ? ರಾತ್ರಿ ಎಷ್ಟು ಸಲ ಬಚ್ಚಲಿಗೆ ಏಳಬೇಕಾಗುತ್ತದೆ? ಪಕ್ಕದಲ್ಲಿ ಸಣ್ಣ ಮಗು ಮಲಗುತ್ತದಾ?

ಒಂದೊಂದು ಉತ್ತರಕ್ಕೂ ಸ್ಪ್ಲಿಂಟಿನ ಆಯ್ಕೆ ಬದಲಾಗುತ್ತದೆ. ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಕಾಲಿನ ಹಿಂಬದಿಗೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನದ್ದು, ನಮ್ಮವರು ಅದನ್ನು ಬೂಟು ಎಂದೇ ಕರೆಯುವುದು. ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಭಾರ. ಕವುಚಿ ಮಲಗುವವರಿಗೆ ಅದು ಆಗಿಬರುವುದಿಲ್ಲ, ಪಾದ ಹಾಸಿಗೆಗೆ ಕುತ್ತುತ್ತದೆ. ಎರಡನೆಯದು ಮುಂಗಾಲಿನ ಮೇಲೆ ಕೂರುವಂಥದ್ದು. ಅಂಗಾಲೂ ಹಿಮ್ಮಡಿಯೂ ತೆರೆದೇ ಇರುತ್ತವೆ, ಹಗುರ, ಸೆಕೆ ಕಡಿಮೆ. ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಮೂರನೆಯದು ಕಾಲುಚೀಲದಂತೆ ಇರುತ್ತದೆ. ಬೆರಳ ತುದಿಯಿಂದ ಮೊಣಕಾಲಿನ ಕೆಳಗಿನ ತನಕ ಒಂದು ಪಟ್ಟಿ ಎಳೆದು ಕಟ್ಟಬೇಕು. ಮಲಗಲಿಕ್ಕೆ ಹಿತ, ಆದರೆ ಜಾಸ್ತಿ ಎಳೆದರೆ ಬೆರಳುಗಳು ನೋಯುತ್ತವೆ.

ರಾತ್ರಿ ಏಳುವವರ ವಿಷಯವನ್ನು ಬಿಡಿಸಿ ಹೇಳಬೇಕು. ಈಗ ಎಲ್ಲ ಮನೆಗಳಲ್ಲೂ ಟೈಲ್ಸ್, ಇಲ್ಲವೇ ಗ್ರಾನೈಟ್. ಆ ಗಟ್ಟಿ ಬೂಟು ಹಾಕಿಕೊಂಡು ನಿದ್ದೆಗಣ್ಣಲ್ಲಿ ಬಚ್ಚಲಿಗೆ ಹೊರಟರೆ ಜಾರಿ ಬೀಳುವುದು ಖಂಡಿತ. ಅರುವತ್ತು ದಾಟಿದವರಿಗೆ ಹಿಮ್ಮಡಿ ನೋವಿಗಿಂತ ಸೊಂಟದ ಎಲುಬು ಮುರಿಯುವುದು ಎಷ್ಟೋ ದೊಡ್ಡ ಆಪತ್ತು. ರಾತ್ರಿ ಎರಡು ಮೂರು ಸಲ ಏಳುವ ಅಜ್ಜ ಅಜ್ಜಿಯರಿಗೆ ನಾನು ಗಟ್ಟಿ ಸ್ಪ್ಲಿಂಟ್ ಕೊಡುವುದೇ ಇಲ್ಲ. ಉಳಿದವರಿಗೂ ಹೇಳುವುದು ಒಂದೇ, ಬಿಚ್ಚದೆ ನೆಲಕ್ಕೆ ಕಾಲಿಡಬೇಡಿ.

ಮೊದಲ ರಾತ್ರಿಯೇ ಇಡೀ ರಾತ್ರಿ ಕಟ್ಟಿಕೊಳ್ಳಿ ಎಂದೂ ಹೇಳಬಾರದು. ಸಂಜೆ ಟಿವಿ ನೋಡುವಾಗ ಒಂದು ಗಂಟೆ ಹಾಕಿಕೊಂಡು ಕೂರಲಿ. ಕಾಲಿಗೆ ಅದರ ಪರಿಚಯ ಆಗಬೇಕು ಅಲ್ವಾ? ಆಮೇಲೆ ನಿದ್ದೆಗೆ ಹೋಗುವಾಗ ಹಾಕಿ, ಎಚ್ಚರವಾದಾಗ ಬೇಡ ಅನ್ನಿಸಿದರೆ ಬಿಚ್ಚಿಡಲಿ. ಹೀಗೆ ಒಂದೆರಡು ವಾರದಲ್ಲಿ ಹೆಚ್ಚಿನವರಿಗೆ ಬೆಳಗಿನ ತನಕ ಇಟ್ಟುಕೊಳ್ಳಲು ಆಗುತ್ತದೆ. ಶುರುವಿಗೆ 90 ಡಿಗ್ರಿ ಸಾಕು. ಬದಿಯ ಪಟ್ಟಿ ಎಳೆದು ಇನ್ನೂ ಮೇಲೆ ಎತ್ತಿದರೆ ಬೇಗ ಗುಣವಾಗುತ್ತದೆ ಎಂದು ಕೆಲವರು ತಿಳಿದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಸಿಗುವುದು ಬೆರಳುಗಳ ಜೋಮು ಮತ್ತು ನಡುರಾತ್ರಿಯ ಎಚ್ಚರ ಮಾತ್ರ.

ಕಟ್ಟುವ ಕ್ರಮವೂ ಮುಖ್ಯ. ಹಿಮ್ಮಡಿ ಪೂರ್ತಿ ಹಿಂದಕ್ಕೆ ಕೂರಬೇಕು. ಹಾಗೆ ಕೂರಬೇಕಾದರೆ ಮೊದಲು ಪಾದದ ಗಂಟಿನ ಹತ್ತಿರದ ವೆಲ್ಕ್ರೋ ಹಾಕಬೇಕು, ಆಮೇಲೆ ಕಾಲಿನದ್ದು, ಕೊನೆಗೆ ಬೆರಳ ಬುಡದ್ದು. ಬೆರಳ ಬುಡದ್ದನ್ನು ಮೊದಲು ಬಿಗಿದರೆ ಹಿಮ್ಮಡಿ ಮೇಲೆ ಎದ್ದು ಬರುತ್ತದೆ, ಪಾದ ಕೆಳಗೆ ಬಾಗಿಯೇ ಇರುತ್ತದೆ, ಹೊರಗಿನಿಂದ ನೋಡಿದರೆ ಮಾತ್ರ ಎಲ್ಲ ಸರಿ. ಪಟ್ಟಿಯ ಅಡಿಯಲ್ಲಿ ಒಂದು ಬೆರಳು ಆರಾಮಾಗಿ ಹೋಗಬೇಕು. ಒಳಗೆ ತೆಳು ಹತ್ತಿಯ ಕಾಲುಚೀಲ ಇದ್ದರೆ ಬೆವರಿಗೂ ಒಳ್ಳೆಯದು, ಚರ್ಮವೂ ಉಜ್ಜುವುದಿಲ್ಲ. ಡಬ್ಬದಲ್ಲಿ ಬರುವ ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತುಳು, ಆಚೆ ಮಲಯಾಳ. ಹಾಗಾಗಿ ಓದಲು ಕೊಡುವುದಕ್ಕಿಂತ ನನ್ನ ಎದುರೇ ಎರಡು ಸಲ ಕಟ್ಟಿ ಬಿಚ್ಚಿಸುತ್ತೇನೆ. ಮನೆಯಲ್ಲಿ ಕಟ್ಟಿಕೊಡುವವರು ಮಗನೋ ಸೊಸೆಯೋ ಆಗಿದ್ದರೆ ಅವರ ಕೈಯಲ್ಲೂ ಮಾಡಿಸುತ್ತೇನೆ.

ವೇಷಧಾರಿಯೊಬ್ಬರ ವಿಷಯ ಹೇಳಲೇಬೇಕು. ಮೇಳದ ತಿರುಗಾಟ ಶುರುವಾದರೆ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಅವರಿಗೆ ರಾತ್ರಿ ಎಂದರೆ ರಂಗಸ್ಥಳ. ಧೀಂಗಿಣ, ಜಿಗಿತ, ಮೈಮೇಲೆ ವೇಷದ ಭಾರ, ಬರಿಗಾಲು. ಎರಡೂ ಹಿಮ್ಮಡಿ ಹಿಡಿದುಕೊಂಡಿತ್ತು. ಬೇರೆ ಕಡೆ ಅವರಿಗೆ "ರಾತ್ರಿ ಹಾಕಿಕೊಳ್ಳಿ" ಎಂದು ಸ್ಪ್ಲಿಂಟ್ ಕೊಟ್ಟಿದ್ದರಂತೆ. "ನಮಗೆ ರಾತ್ರಿ ಎಲ್ಲಿ ಉಂಟು ಡಾಕ್ಟ್ರೆ?" ಎಂದು ಕೇಳಿದರು. ಅವರು ಮಲಗುವುದು ಬೆಳಗಿನ ಜಾವ ಮನೆ ಸೇರಿದ ಮೇಲೆ, ಮಧ್ಯಾಹ್ನ ಊಟದ ತನಕ. ಸ್ಪ್ಲಿಂಟ್ ಹಾಕಬೇಕಾದದ್ದು ಆ ನಿದ್ದೆಗೆ. ಎರಡು ಕಾಲಿಗೂ ಒಟ್ಟಿಗೆ ಹಾಕಿದರೆ ಮಗ್ಗುಲು ಬದಲಿಸಲಿಕ್ಕೂ ಆಗುವುದಿಲ್ಲ ಎಂದು ನೋವು ಜಾಸ್ತಿ ಇದ್ದ ಬಲಗಾಲಿಗೆ ಮಾತ್ರ ಕೊಟ್ಟೆ, ಎಡಗಾಲಿಗೆ ವ್ಯಾಯಾಮ ಸಾಕು ಎಂದೆ. ಅವರಿಗೆ ಏಳುವಾಗಿನ ನೋವು ಕಡಿಮೆಯಾಗುತ್ತಾ ಬಂತು. ಕುಣಿತದ ನಂತರದ ನೋವು ಆ ಸೀಸನ್ ಪೂರ್ತಿ ಇತ್ತು. ಕಾರಣವಾದ ಕೆಲಸ ನಡೆಯುತ್ತಲೇ ಇರುವಾಗ ಸ್ಪ್ಲಿಂಟ್ ಒಂದೇ ಅದನ್ನು ತೆಗೆಯಲಾರದು, ಇದನ್ನು ಅವರಿಗೆ ಮೊದಲೇ ಹೇಳಿದ್ದೆ.

ಬೆಳಿಗ್ಗೆ ಸ್ಪ್ಲಿಂಟ್ ಬಿಚ್ಚಿದ ಮೇಲಿನ ಎರಡು ನಿಮಿಷಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಮಂಚದಲ್ಲೇ ಕೂತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟು, ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು ಹತ್ತರ ತನಕ ಎಣಿಸಬೇಕು. ಹೀಗೆ ಹತ್ತು ಸಲ. ಅಂಗಾಲಿನ ಈ ಎಳೆತವನ್ನು ಅಮೆರಿಕದ ಡಿಜಿಯೊವಾನಿ ಮತ್ತು ಜೊತೆಗಾರರು 2003ರಲ್ಲಿ ಪರೀಕ್ಷಿಸಿ ನೋಡಿದ್ದರು. ಬರೀ ಮೀನಖಂಡದ ಎಳೆತಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡಿತು. ದಿನಕ್ಕೆ ಮೂರು ಬಾರಿ ಮಾಡಬೇಕು, ಮೊದಲನೆಯದು ಕಾಲು ನೆಲಕ್ಕೆ ತಾಗುವ ಮುಂಚೆಯೇ. ಆಮೇಲೆ ಮಂಚದ ಪಕ್ಕದಲ್ಲೇ ಇಟ್ಟ ಮೆತ್ತಗಿನ ಚಪ್ಪಲಿಗೆ ಕಾಲು ಹಾಕಿ ಏಳಬೇಕು. ಮನೆಯೊಳಗೆ ಚಪ್ಪಲಿ ಹಾಕುವುದು ಇಲ್ಲಿನ ಹಿರಿಯರಿಗೆ ಒಗ್ಗುವುದಿಲ್ಲ, ನನಗೂ ಗೊತ್ತು. ಹೊರಗೆ ಹಾಕದ, ಮನೆಗೆಂದೇ ಬೇರೆ ಇಟ್ಟ ಹೊಸ ಜೊತೆ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ದೇವರಕೋಣೆ, ಅಡುಗೆಮನೆ ಬಿಟ್ಟು ಉಳಿದ ಕಡೆ ಹಾಕಿದರೂ ಸಾಕು.

ಎಕ್ಸ್‌ರೇ ಹಿಡಿದುಕೊಂಡು "ಎಲುಬು ಬೆಳೆದಿದೆಯಂತೆ" ಎಂದು ಹೆದರಿ ಬರುವವರು ತುಂಬ ಜನ. ಅವರಿಗೆ ಧೈರ್ಯ ಹೇಳಲಿಕ್ಕೆ ಸಮಯ ಕೊಡಿ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಆ ಮುಳ್ಳಿನಂಥ ಎಲುಬು ಇರುತ್ತದೆ. ಅದು ಹಾಗೇ ಇದ್ದರೂ ನೋವು ಹೋಗುತ್ತದೆ.

ಸ್ಪ್ಲಿಂಟ್ ಎಲ್ಲರಿಗೂ ಬೇಕಾ? ಬೇಡ. ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. 1998ರಲ್ಲಿ ಬಂದ ಒಂದರಲ್ಲಿ, ಬಹಳ ಕಾಲದಿಂದ ನೋವಿದ್ದವರಿಗೆ ಇದರಿಂದ ಒಳ್ಳೆಯದಾಗಿತ್ತು. 1999ರ ಇನ್ನೊಂದರಲ್ಲಿ ಮಾತ್ರೆ, ವ್ಯಾಯಾಮ, ಚಪ್ಪಲಿ ಸಲಹೆಯ ಜೊತೆ ಸ್ಪ್ಲಿಂಟ್ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘದ 2014ರ ಮಾರ್ಗಸೂಚಿ ಬೆಳಗಿನ ಮೊದಲ ಹೆಜ್ಜೆಗೆ ಯಾವಾಗಲೂ ನೋಯುವವರಿಗೆ ಒಂದರಿಂದ ಮೂರು ತಿಂಗಳ ಸ್ಪ್ಲಿಂಟ್ ಹೇಳುತ್ತದೆ. ನಾನು ಅದನ್ನೇ ಹಿಡಿದು ನಡೆಯುತ್ತೇನೆ. ಬೆಳಿಗ್ಗೆ ಏನೂ ಇಲ್ಲ, ಸಂಜೆ ಕೆಲಸ ಮುಗಿಯುವಾಗ ಮಾತ್ರ ನೋವು ಎನ್ನುವವರಿಗೆ ಸುಮ್ನೆ ದುಡ್ಡು ಖರ್ಚು ಮಾಡಿಸಬಾರದು. ಅವರಿಗೆ ಚಪ್ಪಲಿ, ಟೇಪಿಂಗ್ (ಪಾದಕ್ಕೆ ಅಂಟುಪಟ್ಟಿ ಹಾಕುವುದು) ಮತ್ತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವೇ ಮೊದಲು.

ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾದವರ ಬಗ್ಗೆ ಬಹಳ ಜಾಗ್ರತೆ ಬೇಕು. ಪಟ್ಟಿ ಒತ್ತಿದ್ದು, ಚರ್ಮ ಕೆಂಪಾದದ್ದು ಅವರಿಗೆ ಗೊತ್ತೇ ಆಗುವುದಿಲ್ಲ, ಬೆಳಗಾಗುವಾಗ ಗಾಯ ಆಗಿರುತ್ತದೆ. ನಾನು ಮೊದಲು ಮೋನೋಫಿಲಮೆಂಟ್ ಎಂಬ ತೆಳು ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡುತ್ತೇನೆ. ಗೊತ್ತಾಗದಿದ್ದರೆ ಸ್ಪ್ಲಿಂಟಿನ ಮಾತೇ ಇಲ್ಲ. ರಕ್ತ ಸಂಚಾರ ಸರಿ ಇಲ್ಲದವರಿಗೂ ಅದೇ. ಇನ್ನು ಹಿಮ್ಮಡಿಯನ್ನು ಎರಡೂ ಬದಿಯಿಂದ ಅಮುಕಿದರೆ ಕಿರುಚುವಷ್ಟು ನೋವು, ಮಲಗಿದಾಗಲೂ ಬಿಡದ ನೋವು, ಅಂಗಾಲಿನಲ್ಲಿ ಉರಿ ಮತ್ತು ಜೋಮು, ಚಿಕ್ಕ ಪ್ರಾಯದಲ್ಲೇ ಎರಡೂ ಹಿಮ್ಮಡಿಯ ಜೊತೆ ಬೆಳಿಗ್ಗೆ ಸೊಂಟವೂ ಗಂಟೆಗಟ್ಟಲೆ ಬಿಗಿ, ಇಂಥವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸಬೇಕು. ಅವುಗಳ ಕಾರಣವೇ ಬೇರೆ.

ಬೆಳಗಿನ ನೋವು ಎರಡು ವಾರ ಪೂರ್ತಿ ಬಾರದಿದ್ದರೆ ರಾತ್ರಿ ಬಿಟ್ಟು ರಾತ್ರಿ ಹಾಕಿ, ಹಾಗೇ ಕಡಿಮೆ ಮಾಡುತ್ತಾ ಬಿಡಲಿ. ಅಂಗಾಲಿನ ಎಳೆತವನ್ನು ಮಾತ್ರ ನಿಲ್ಲಿಸಬಾರದು. ಸ್ಪ್ಲಿಂಟನ್ನು ಯಾರಿಗೂ ದಾಟಿಸಬೇಡಿ, ಅಳತೆ ಒಬ್ಬರದ್ದು ಇನ್ನೊಬ್ಬರಿಗೆ ಕೂರುವುದಿಲ್ಲ. ಒಳಗಿನ ಬಟ್ಟೆ ತೆಗೆಯಲು ಬಂದರೆ ತೆಗೆದು ಒಗೆದು ಚೆನ್ನಾಗಿ ಒಣಗಿಸಿ ಎತ್ತಿಡಿ. ನಮ್ಮ ಮಳೆಗಾಲದಲ್ಲಿ ಅದು ಒಣಗಲಿಕ್ಕೆ ಎರಡು ದಿನ ಬೇಕು, ಒದ್ದೆ ಇದ್ದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಜೂನಿನ ಮೊದಲೇ ಒಗೆದಿಡಲು ಹೇಳುತ್ತೇನೆ.