ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ 125 ಟನ್

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದ ಏರ್ ಇಂಡಿಯಾ ಮಹಿಳಾ ತಂಡ ಬೋಯಿಂಗ್ 777-200ಎಲ್‌ಆರ್ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿಸಿ ಬೆಂಗಳೂರಿಗೆ ತಂದಿಳಿಸಿತು. ಸುಮಾರು 14 ಸಾವಿರ ಕಿಲೋಮೀಟರ್, ನಡುವೆ ಎಲ್ಲೂ ನಿಲುಗಡೆಯಿಲ್ಲ. ಆ ಸುದ್ದಿ ಓದಿದಾಗಿನಿಂದ ಅದೇ ದಾರಿಯನ್ನು ಸಿಮ್ಯುಲೇಟರ್‌ನಲ್ಲಿ, ಸಮಯವನ್ನು ವೇಗಗೊಳಿಸದೆ, ನಿಜದ ಹಾರಾಟದಷ್ಟೇ ಹೊತ್ತು ಕೂತು ಪೂರ್ತಿ ಹಾರಬೇಕೆಂಬ ಆಸೆಯಿತ್ತು. ಚಳಿಗಾಲದ ಒಂದು ವಾರಾಂತ್ಯ ಕೂತೇಬಿಟ್ಟೆ.

ಟ್ಯಾಂಕ್ ಪೂರ್ತಿ ತುಂಬಿಸಿಬಿಟ್ಟರೆ ಚಿಂತೆಯೇ ಇಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಈ ವಿಮಾನಕ್ಕೆ 145 ಟನ್ ಇಂಧನ ಹಿಡಿಯುತ್ತದೆ, ನಿಜ. ಆದರೆ ಹೆಚ್ಚುವರಿ ಇಂಧನವನ್ನು ಹೊತ್ತೊಯ್ಯುವುದಕ್ಕೂ ಇಂಧನವೇ ಬೇಕು. ಇಷ್ಟು ಉದ್ದದ ದಾರಿಯಲ್ಲಿ 10 ಟನ್ ಹೆಚ್ಚು ಹಾಕಿದರೆ ಕೊನೆಗೆ ಕೈಗೆ ಸಿಗುವುದು ಆರೇಳು ಟನ್. ಜೊತೆಗೆ ವಿಮಾನ ಭಾರವಾಗಿ, ಬೇಗ ಮೇಲೇರಲಾರದು. ಹಾಗಾಗಿ ಲೆಕ್ಕ ಹಾಕಿಯೇ ತುಂಬಿಸಿದೆ: ದಾರಿಗೆ 112 ಟನ್, ಅದರ ಶೇ. 5ರಷ್ಟು ಅನಿರೀಕ್ಷಿತಕ್ಕೆ, ಬೆಂಗಳೂರಿನಲ್ಲಿ ಇಳಿಯಲಾಗದಿದ್ದರೆ ಚೆನ್ನೈಗೆ ಹೋಗಲು 4, ಅರ್ಧ ಗಂಟೆ ಸುತ್ತಲು 2.7, ನೆಲದ ಮೇಲೆ ರನ್‌ವೇವರೆಗೆ ಸಾಗಲು (ಟ್ಯಾಕ್ಸಿಗೆ) ಒಂದಿಷ್ಟು. ಒಟ್ಟು ಸುಮಾರು 125.

ಮೊದಲ ಗಂಟೆಗಳಲ್ಲಿ ಎಂಜಿನ್‌ಗಳು ಗಂಟೆಗೆ ಎಂಟೂವರೆ ಟನ್ ಕುಡಿಯುತ್ತವೆ. ಭಾರ ಇಳಿದಂತೆ ಎರಡೆರಡು ಸಾವಿರ ಅಡಿ ಮೇಲೇರುತ್ತ ಹೋದರೆ ಆ ಪ್ರಮಾಣ ಇಳಿಯುತ್ತ ಬರುತ್ತದೆ. ಪ್ರತಿ ವೇ ಪಾಯಿಂಟ್ (ದಾರಿಯಲ್ಲಿ ಮೊದಲೇ ಗುರುತಿಸಿದ ಬಿಂದು) ದಾಟಿದಾಗಲೂ ಉಳಿದ ಇಂಧನದ ಯೋಜನೆಯ ಅಂಕಿ ಒಂದು ಕಡೆ, ನಿಜದ ಅಂಕಿ ಇನ್ನೊಂದು ಕಡೆ ಬರೆದೆ. ನನಗೆ ಇದೇ ಇಡೀ ಹಾರಾಟದ ಸೊಗಸು. ಕೆನಡಾ ದಾಟುವವರೆಗೆ ಎರಡೂ ಜೊತೆಜೊತೆಗೇ ಸಾಗಿದವು.

ಧ್ರುವದ ಬಳಿ ಚಳಿಯ ಆಟ ಶುರುವಾಯಿತು. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ. ನಮ್ಮಲ್ಲಿ ಸಿಗುವ ಜೆಟ್ ಎ-1ಗೆ ಅದು ಮೈನಸ್ 47. ಆ 7 ಡಿಗ್ರಿಯ ಬೆಲೆ ಅಲ್ಲಿ ಗೊತ್ತಾಗುತ್ತದೆ. ಟ್ಯಾಂಕಿನ ಉಷ್ಣತೆ ಮೈನಸ್ 35ಕ್ಕೆ ಬಂದು ಇನ್ನೂ ಇಳಿಯುತ್ತಿತ್ತು, ಎಚ್ಚರಿಕೆ ಬರುವುದು ಮೈನಸ್ 37ಕ್ಕೆ. ವೇಗ ಹೆಚ್ಚಿಸಿದರೆ ಗಾಳಿಯ ಒತ್ತಡದಿಂದ ರೆಕ್ಕೆಗೆ ಕೊಂಚ ಬಿಸಿ ಸಿಗುತ್ತದೆ, ಆದರೆ 0.01 ಮ್ಯಾಕ್‌ಗೆ (ಶಬ್ದದ ವೇಗದ ನೂರನೇ ಒಂದು ಪಾಲಿಗೆ) ಒಂದು ಡಿಗ್ರಿಯೂ ಇಲ್ಲ. ಅದನ್ನೂ ಮಾಡಿ, ಕಡಿಮೆ ಚಳಿಯಿದ್ದ ಪದರಕ್ಕೆ 2 ಸಾವಿರ ಅಡಿ ಕೆಳಗಿಳಿದೆ. ಇಂಧನವನ್ನು ಕಾಪಾಡಲು ಇಂಧನವನ್ನೇ ಸುಡಬೇಕು! ಉಷ್ಣತೆ ನಿಂತು ನಿಧಾನವಾಗಿ ಏರತೊಡಗುವ ಹೊತ್ತಿಗೆ ಬೆಂಗಳೂರಿನಲ್ಲಿ ಉಳಿಯಬೇಕಿದ್ದ ಲೆಕ್ಕದಿಂದ ಒಂದು ಟನ್ ಹೋಗಿತ್ತು.

ಸೈಬೀರಿಯಾದ ಮೇಲೆ ಎದುರುಗಾಳಿ. ಇನ್ನೂ ದಕ್ಷಿಣಕ್ಕೆ ಬಂದಾಗ ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್ (ಎತ್ತರದ ಬಿರುಸಾದ ಗಾಳಿಯ ಹರಿವು) ಬಲಗಡೆಯಿಂದ ಯೋಜನೆಗಿಂತ ಜೋರಾಗಿ ಹೊಡೆಯಿತು. ಅಡ್ಡಗಾಳಿ ಹಾನಿ ಮಾಡದು ಅನ್ನಿಸಬಹುದು. ದಾರಿ ತಪ್ಪದಿರಲು ಮೂಗನ್ನು ಗಾಳಿಯತ್ತ ತಿರುಗಿಸಿಕೊಂಡೇ ಸಾಗಬೇಕಾದ್ದರಿಂದ ಅದೂ ವೇಗ ತಿನ್ನುತ್ತದೆ. ಅಮ್ಮ ಕಾಫಿ ಇಟ್ಟು, "ಇನ್ನೂ ಎಲ್ಲಿದ್ದೀಯೋ?" ಎಂದಾಗ ಬೆಂಗಳೂರು ತಲುಪುವಾಗ ಉಳಿಯುವ ಇಂಧನದ ಅಂಕಿ 9 ಟನ್ ತೋರಿಸುತ್ತಿತ್ತು.

ಬೆಂಗಳೂರಿನ ಜನವರಿ ಮುಂಜಾವಿನ ಮಂಜು ಎಲ್ಲರಿಗೂ ಗೊತ್ತು. ಆ ಹೊತ್ತಿನ ನಿಜದ ಹವೆಯನ್ನೇ ಸಿಮ್ಯುಲೇಟರ್‌ಗೆ ತರುವ ಲೈವ್ ಹವಾಮಾನದಲ್ಲೂ ಅದೇ ಬಂತು. 9ರಲ್ಲಿ ಚೆನ್ನೈಗೂ ಕೊನೆಯ ಅರ್ಧ ಗಂಟೆಗೂ 6.7 ಮುಟ್ಟುವಂತಿಲ್ಲ, ಉಳಿದದ್ದು 2.3. ಅಂದರೆ 25 ನಿಮಿಷ ಸುತ್ತಬಹುದು, ಆಮೇಲೆ ಯೋಚಿಸದೆ ಚೆನ್ನೈಗೆ ತಿರುಗುವುದೆಂದು ನಿರ್ಧರಿಸಿ ಸಮಯವನ್ನು ಹಾಳೆಯ ಮೇಲೆ ಬರೆದಿಟ್ಟೆ. ಕಾಲು ಗಂಟೆ ಸುತ್ತುವಷ್ಟರಲ್ಲಿ ರನ್‌ವೇ ಕಾಣುವಷ್ಟು ಮಂಜು ತೆಳುವಾಯಿತು. ಎಂಜಿನ್ ನಿಲ್ಲಿಸಿದಾಗ ಟ್ಯಾಂಕಿನಲ್ಲಿ 7.4 ಟನ್ ಇತ್ತು.

ಮುಂದಿನದು ಮರುಪ್ರಯಾಣ. ಆಗ ಧ್ರುವದ ದಾರಿ ಬೇಡ. ಪೂರ್ವಕ್ಕೆ ಪೆಸಿಫಿಕ್ ಮೇಲೆ ಹೋದರೆ ಅದೇ ಜೆಟ್ ಸ್ಟ್ರೀಮ್ ಬೆನ್ನ ಹಿಂದೆ ಬರುತ್ತದೆ. ಆದರೆ ಸಮುದ್ರಮಟ್ಟದಿಂದ 3 ಸಾವಿರ ಅಡಿ ಎತ್ತರದ ನಮ್ಮ ನಿಲ್ದಾಣದಿಂದ ಅಷ್ಟು ಇಂಧನ ಹೊತ್ತು ಏಳಬೇಕು. ಏಪ್ರಿಲ್ ಬಿಸಿಲಿನಲ್ಲಿ ಎಷ್ಟು ಟನ್ ಹೊರಬಹುದೆಂಬ ಲೆಕ್ಕ ಈಗಾಗಲೇ ಶುರುವಾಗಿದೆ.