ರಾತ್ರಿ ಎರಡೂವರೆಯಿಂದ ಐದರವರೆಗೆ

ಲಸಿಕೆ ಇಡುವ ಫ್ರಿಜ್ಜಿನ ಬಾಗಿಲಿಗೆ ತಾಪಮಾನದ ಪಟ್ಟಿಯೊಂದನ್ನು ಅಂಟಿಸಿರುತ್ತೇವೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಒಳಗಿನ ಥರ್ಮಾಮೀಟರ್ ನೋಡಿ ಅಂಕಿ ಬರೆದು ಸಹಿ ಹಾಕಬೇಕು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸರಿ. ವರ್ಷಗಟ್ಟಲೆ ನಾನು ಬರೆದದ್ದು ಹೆಚ್ಚಾಗಿ ನಾಲ್ಕು, ಐದು, ಅಪರೂಪಕ್ಕೆ ಆರು. ಒಂದು ದಿನವೂ ನೋಡದೆ ಬರೆದವಳಲ್ಲ.

ಡೇಟಾ ಲಾಗರ್ ಬಂದಾಗ ಅದರಿಂದ ಹೊಸದೇನು ತಿಳಿದೀತು ಎಂದುಕೊಂಡಿದ್ದೆ. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ, ಅದರಿಂದ ಹೊರಟ ತಂತಿಯ ತುದಿಯಲ್ಲಿ ಥರ್ಮಿಸ್ಟರ್ ಎಂಬ ಸಣ್ಣ ಸಂವೇದಕ. ಬಿಸಿ ತಂಪಿಗೆ ತಕ್ಕಂತೆ ಥರ್ಮಿಸ್ಟರ್‌ನ ವಿದ್ಯುತ್ ರೋಧ ಏರಿಳಿಯುತ್ತದೆ; ಪೆಟ್ಟಿಗೆ ಅದನ್ನು ಡಿಗ್ರಿಗೆ ತಿರುಗಿಸಿ, ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಳ್ಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎಂದು ಹೊಂದಿಸಿದೆ. ದಿನಕ್ಕೆ 144 ಅಂಕಿ. ನನ್ನದು ಎರಡು. ಥರ್ಮಾಮೀಟರ್ ಬಾಗಿಲು ತೆರೆದ ಕೂಡಲೇ ಕಾಣುವಂತೆ ಮುಂದುಗಡೆ ತೂಗುತ್ತಿತ್ತು. ಸಂವೇದಕವನ್ನು ಒಳಗೆ, ಹೆಪಟೈಟಿಸ್ ಬಿ ಲಸಿಕೆಯ ಪೆಟ್ಟಿಗೆಗಳ ನಡುವೆ ಇಟ್ಟೆ.

ಆರನೆಯ ದಿನ ಬೆಳಿಗ್ಗೆ ಪರದೆಯ ಮೇಲೆ ಸರಿ ಗುರುತಿನ ಬದಲು ತಪ್ಪು ಗುರುತು ಇತ್ತು. ಥರ್ಮಾಮೀಟರ್ ನೋಡಿದರೆ ನಾಲ್ಕು ಡಿಗ್ರಿ. ಲಾಗರ್ ಕೆಟ್ಟಿದೆ ಎಂದೇ ಮೊದಲು ಅನ್ನಿಸಿತು. ಮಂಜುಗಡ್ಡೆಯನ್ನು ಪುಡಿ ಮಾಡಿ, ಸ್ವಲ್ಪ ನೀರು ಬೆರೆಸಿ, ಸಂವೇದಕವನ್ನು ಅದರಲ್ಲಿ ಮುಳುಗಿಸಿ ಕಾದೆ. ಕರಗುತ್ತಿರುವ ಮಂಜುಗಡ್ಡೆಯ ತಾಪ ಸೊನ್ನೆ. ಉಪಕರಣದ ನಿಜ ಸುಳ್ಳು ತಿಳಿಯಲು ಇದಕ್ಕಿಂತ ಸರಳ ದಾರಿ ಇಲ್ಲ. ಪರದೆ 0.1ಕ್ಕೆ ಬಂದು ನಿಂತಿತು. ಲಾಗರ್ ಸರಿಯಾಗಿಯೇ ಇತ್ತು.

ಕಂಪ್ಯೂಟರಿಗೆ ಸಿಕ್ಕಿಸಿದಾಗ ನಕ್ಷೆ ತೆರೆದುಕೊಂಡಿತು. ಹಗಲಿನ ಗೆರೆ ಗರಗಸದ ಹಲ್ಲಿನಂತಿತ್ತು: ಕಂಪ್ರೆಸರ್ ಓಡಿದಾಗ ಇಳಿತ, ನಿಂತಾಗ ಏರಿಕೆ, ನಾನು ಬಾಗಿಲು ತೆರೆದಲ್ಲೆಲ್ಲ ಒಂದು ಚೂಪು ಮೊನೆ. ಮಧ್ಯರಾತ್ರಿ ಕಳೆದ ಮೇಲೆ ಗೆರೆ ಜಾರಲು ಶುರು. ಎರಡೂವರೆಗೆ ಸೊನ್ನೆಯ ಕೆಳಗೆ. ಮೂರೂಮುಕ್ಕಾಲಿಗೆ ಮೈನಸ್ 1.7. ಐದರ ಹೊತ್ತಿಗೆ ಮತ್ತೆ ಸೊನ್ನೆ ದಾಟಿ, ನಾನು ಬರುವಷ್ಟರಲ್ಲಿ ಏನೂ ಆಗದ ಹಾಗೆ ನಾಲ್ಕರಲ್ಲಿ ನಿಂತಿತ್ತು. ಹಿಂದಿನ ರಾತ್ರಿಗಳಲ್ಲೂ ಅದೇ ಹೊತ್ತಿಗೆ ಸಣ್ಣ ಸಣ್ಣ ತಗ್ಗುಗಳಿದ್ದವು. ಸೊನ್ನೆ ಮುಟ್ಟಿರಲಿಲ್ಲ, ಅಷ್ಟೇ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಸಿಲಿನ ದಿನಗಳಲ್ಲಿ ಥರ್ಮೋಸ್ಟಾಟನ್ನು ಅತಿ ತಂಪಿಗೆ ತಿರುಗಿಸಿದ್ದೆವು. ಹವೆ ತಣ್ಣಗಾದ ಮೇಲೂ ಅದು ಅಲ್ಲೇ ಉಳಿದಿತ್ತು. ಪೆಟ್ಟಿಗೆಗಳು ಹಿಂಬದಿಯ ತಣ್ಣನೆಯ ಗೋಡೆಗೆ ಒರಗಿಕೊಂಡಿದ್ದವು.

ಲಸಿಕೆ ಎಂದರೆ ಎಲ್ಲರಿಗೂ ಬಿಸಿಯದೇ ಭಯ. ಹೆಪಟೈಟಿಸ್ ಬಿ, ಡಿಪಿಟಿ, ಟೆಟನಸ್ ಲಸಿಕೆಗಳಿಗೆ ಹೆಪ್ಪುಗಟ್ಟುವುದು ಬಿಸಿಗಿಂತ ದೊಡ್ಡ ಶತ್ರು. ಅವುಗಳಲ್ಲಿರುವ ಅಲ್ಯೂಮಿನಿಯಂ ಲವಣದ ಕಣಗಳು ಹೆಪ್ಪುಗಟ್ಟಿದಾಗ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಕರಗಿಸಿದರೂ ಹೋದ ಶಕ್ತಿ ಮರಳುವುದಿಲ್ಲ. ಸೀಸೆಯ ಮೇಲಿನ ವಿವಿಎಂ, ಅಂದರೆ ಬಿಸಿ ತಗುಲಿದಷ್ಟೂ ಕಪ್ಪಾಗುವ ಗುರುತಿನ ಒಳಚೌಕ, ಇನ್ನೂ ಬೆಳ್ಳಗಿತ್ತು. ಅದು ಲೆಕ್ಕ ಇಡುವುದು ಬಿಸಿಯದ್ದು ಮಾತ್ರ, ಚಳಿ ಅದಕ್ಕೆ ತಿಳಿಯದು.

ಉಳಿದದ್ದು ಕುಲುಕು ಪರೀಕ್ಷೆ. ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದೆ. ಮರುದಿನ ಅದು ಕರಗಿದ ಮೇಲೆ, ಅದನ್ನೂ ಸಂಶಯದ ಸೀಸೆಯನ್ನೂ ಒಂದೇ ಕೈಯಲ್ಲಿ ಹಿಡಿದು ಕುಲುಕಿ, ಬೆಳಕಿಗೆ ಎದುರಾಗಿ ಮೇಜಿನ ಮೇಲಿಟ್ಟೆ. ಚೆನ್ನಾಗಿರುವ ಲಸಿಕೆ ಬಹಳ ಹೊತ್ತು ಹಾಲಿನಂತೆ ಮಸುಕಾಗಿಯೇ ಇರುತ್ತದೆ. ಇವೆರಡೂ ಜೊತೆಜೊತೆಗೇ ತಿಳಿಯಾಗತೊಡಗಿದವು. ಮೇಲೆ ನೀರಿನಂಥ ಪದರ, ತಳದಲ್ಲಿ ಬಿಳಿ ಗಸಿ. ಪೆಟ್ಟಿಗೆಗಳನ್ನೆಲ್ಲ ಬೇರ್ಪಡಿಸಿ ‘ಬಳಸಬಾರದು’ ಎಂದು ಬರೆದೆ. ಆ ರಾತ್ರಿಯ ನಂತರ ಅವುಗಳಿಂದ ಯಾವ ಮಗುವಿಗೂ ಚುಚ್ಚಿರಲಿಲ್ಲ.

ಅಂದಿನಿಂದ ಲಾಗರ್ ಎಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ: ಔಷಧ ಸಾಗಿಸುವ ಲಾರಿಯಲ್ಲಿ, ವಿದ್ಯುತ್ ಮೀಟರಿನಲ್ಲಿ, ಹೃದಯ ಬಡಿತ ದಾಖಲಿಸಲು ರೋಗಿಯ ಎದೆಗೆ ದಿನವಿಡೀ ಕಟ್ಟುವ ಹೋಲ್ಟರ್ ಯಂತ್ರದಲ್ಲಿ. ದೊಡ್ಡ ಅಡಿಪಾಯಗಳ ಕಾಂಕ್ರೀಟಿನೊಳಗೂ ಸಂವೇದಕ ಹುದುಗಿಸುತ್ತಾರೆ. ಒಳಗಿನ ಬಿಸಿಗೂ ಹೊರಮೈಗೂ ಅಂತರ ಸುಮಾರು 20 ಡಿಗ್ರಿ ಮೀರಿದರೆ ಬಿರುಕಿನ ಅಂಜಿಕೆ. ವಿಮಾನದ ಕಪ್ಪು ಪೆಟ್ಟಿಗೆಯೂ ಇದೇ ಕುಲದ್ದು. ಅದರ ಕಲ್ಪನೆಯನ್ನು 1950ರ ದಶಕದಲ್ಲಿ ಮುಂದಿಟ್ಟವರಲ್ಲಿ ಆಸ್ಟ್ರೇಲಿಯಾದ ಡೇವಿಡ್ ವಾರೆನ್ ಪ್ರಮುಖರು. ಅವರ ತಂದೆ ತೀರಿಕೊಂಡದ್ದು 1934ರ ವಿಮಾನ ದುರಂತವೊಂದರಲ್ಲಿ. ಆ ವಿಮಾನದಲ್ಲಿ ಏನಾಯಿತೆಂದು ಹೇಳಲು ಯಾರೂ ಉಳಿದಿರಲಿಲ್ಲ ಎಂಬುದನ್ನು ಈಗ ನಾನು ಬೇರೆಯೇ ರೀತಿಯಲ್ಲಿ ಓದುತ್ತೇನೆ.

ನನ್ನ ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ಹಿಂದಿನ ವರ್ಷಗಳ ಚಳಿಯ ತಿಂಗಳುಗಳಲ್ಲೂ ಬೆಳಿಗ್ಗೆ ನಾಲ್ಕು, ಸಂಜೆ ಐದು, ಕೆಳಗೆ ನನ್ನ ಸಹಿ. ಆ ಅಂಕಿಗಳು ಸುಳ್ಳಲ್ಲ. ಆದರೆ ಆ ರಾತ್ರಿಗಳದ್ದು ಯಾವ ಗೆರೆಯೂ ಇಲ್ಲ. ಪಟ್ಟಿಗಳನ್ನೂ ಲಾಗರಿನ ನಕ್ಷೆಯನ್ನೂ ಒಂದೇ ಕಡತದಲ್ಲಿಟ್ಟು, ಆಗ ಲಸಿಕೆ ಪಡೆದ ಮಕ್ಕಳ ವಿಷಯದಲ್ಲಿ ಏನು ಮಾಡಬೇಕೆಂದು ಕೇಳಿ ಮೇಲಧಿಕಾರಿಗೆ ಪತ್ರ ಬರೆದೆ. ಥರ್ಮೋಸ್ಟಾಟನ್ನು ಕಡಿಮೆ ತಂಪಿಗೆ ತಿರುಗಿಸಿ, ಪೆಟ್ಟಿಗೆಗಳನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಸರಿಸಿದೆ. ಮರುದಿನ ಬೆಳಿಗ್ಗೆ ನಕ್ಷೆ ತೆರೆದಾಗ ಕಣ್ಣು ನೇರ ಹೋದದ್ದು ರಾತ್ರಿ ಎರಡೂವರೆಗೆ. ಅಲ್ಲಿ 3.6 ಇತ್ತು.